ಇದಲ್ಲ, ಅದಲ್ಲ

ತೆರ್ಬಿಶ್ ಜೀಪಿನ ಕೆಳಗೆ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಬೂಟು ಮಾತ್ರ. ಎನೆಬಿಶ್ ಮಡ್‌ಗಾರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತು, ಉಪ್ಪು ಹಾಕಿದ ಹಾಲು ಚಹಾ ಹೀರುತ್ತಾ, ಡಬ್ಬಿಯಿಂದ ಒಂದೊಂದೇ ಹಿತ್ತಾಳೆ ತುಂಡನ್ನು ಕೆಳಗೆ ದಾಟಿಸುತ್ತಿದ್ದ.

ಕೆಳಗಿನಿಂದ ಕಿರ್ರ್ ಎಂದು ಸದ್ದಾಯಿತು. ತುಂಡು ಒಂದು ಸುತ್ತು ಹೋಯಿತು. ಎರಡು ಸುತ್ತು ಹೋಯಿತು. ಮೂರನೆಯದಕ್ಕೆ ಎನೆಬಿಶ್ ಚಹಾ ಲೋಟ ಕೆಳಗಿಟ್ಟು, ಹೀರೋ ಎಂಟ್ರಿಗೆ ಶಿಳ್ಳೆ ಹೊಡೆಯುವವನ ಹಾಗೆ ಎರಡು ಬೆರಳು ಬಾಯಿಗೆ ಒಯ್ದ. ನಾಲ್ಕನೆಯದಕ್ಕೆ ಸದ್ದು ಗಕ್ಕನೆ ನಿಂತಿತು.

“ಇದಲ್ಲ,” ಎಂದವು ಬೂಟುಗಳು.

“ಕರೆದ್ಯಾ?”

“ನಿನ್ನ ಕರೀಲಿಲ್ಲ ಮಾರಾಯಾ. ಈ ತುಂಡು ಇದಲ್ಲ ಅಂದೆ.”

“ಹಂಗಾದ್ರೆ ಆಗ ಕೊಟ್ಟಿದ್ನಲ್ಲ, ಅದು ಹಾಕು.”

“ಅದಲ್ಲ.”

“ನೋಡು, ಈಗ ನಿನ್ನನ್ನ ನೀನೇ ಕರ್ಕೊಂಡೆ!”

ಕೆಳಗಿನಿಂದ ಒಂದು ಎಣ್ಣೆ ಬಟ್ಟೆ ಹಾರಿ ಬಂದು ಎನೆಬಿಶನ ಮುಖಕ್ಕೆ ಅಂಟಿಕೊಂಡಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟಿದಾಗಿನಿಂದ ಅದೇ ಜೋಕು, ಆದರೂ ಅವರಿಗೆ ಬೇಸರ ಬಂದಿರಲಿಲ್ಲ.

ಅವರ ನುಡಿಯಲ್ಲಿ ಎನೆಬಿಶ್ ಎಂದರೆ ‘ಇದಲ್ಲ’. ತೆರ್ಬಿಶ್ ಎಂದರೆ ‘ಅದಲ್ಲ’. ಇವರಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯದೆ ಹೋದಾಗ ಲಾಮಾ ಒಬ್ಬರು ಅಮ್ಮ ಯಾಂಜಿನಳಿಗೆ ಈ ಹೆಸರುಗಳನ್ನು ಹೇಳಿಕೊಟ್ಟಿದ್ದರು. ಕೆಟ್ಟ ದೆವ್ವ ಗುಡಾರದ ಬಾಗಿಲಿಗೆ ಬಂದು, ನಾನು ಒಯ್ಯಬೇಕಾದ ಮಗು ಯಾವುದು, ಇದಾ ಎಂದು ಕೇಳುತ್ತದೆ. ಇದಲ್ಲ. ಹಾಗಾದರೆ ಅದಾ? ಅದಲ್ಲ. ದೆವ್ವ ತಲೆ ಕೆರೆದುಕೊಂಡು ಪಕ್ಕದ ಜಿಲ್ಲೆಗೆ ಹೋಗುತ್ತದೆ. ದೆವ್ವಕ್ಕೇ ಟೋಪಿ ಹಾಕಿದ ಹೆಸರುಗಳ ಮುಂದೆ ಮೇಷ್ಟ್ರು ಯಾವ ಲೆಕ್ಕ? ಅದರ ಮೇಲೆ ಇಬ್ಬರದೂ ಅಚ್ಚು ಹೊಡೆದಂಥ ಒಂದೇ ಮುಖ. ಶಾಲೆಯ ಗಾಜು ಒಡೆದಾಗ “ಯಾರೋ ಒಡೆದದ್ದು, ಇವನಾ?” ಎಂದು ಕೇಳಿದರೆ “ಎನೆಬಿಶ್ ಸಾರ್” ಎನ್ನುತ್ತಿದ್ದ ತೆರ್ಬಿಶ್. ಮೇಷ್ಟ್ರು ಅದನ್ನು ‘ಇವನಲ್ಲ’ ಎಂದು ತಿಳಿಯಬೇಕೋ, ‘ಎನೆಬಿಶನೇ’ ಎಂದು ತಿಳಿಯಬೇಕೋ ಗೊತ್ತಾಗದೆ, ಕೊನೆಗೆ ಇಬ್ಬರ ಕಿವಿಯನ್ನೂ ಹಿಂಡಿ ಕಳಿಸುತ್ತಿದ್ದರು. ಆ ಸಂಭಾಷಣೆಯನ್ನು ಬರೆದು ತಮ್ಮನಿಗೆ ಬಾಯಿಪಾಠ ಮಾಡಿಸಿದವನು ಎನೆಬಿಶ್. ಅವನು ಒಂದು ಲೋಟ ಚಹಾ ಆರುವಷ್ಟು ಹೊತ್ತು ಮುಂಚೆ ಹುಟ್ಟಿದವನು. ಆ ಒಂದು ಲೋಟದ ಹಿರಿತನವನ್ನು ಅವನು ಎಂದೂ ಬಿಟ್ಟುಕೊಟ್ಟವನಲ್ಲ.

ಈಗ ಇಬ್ಬರ ಜೀವವೂ ಆ ಜೀಪಿನಲ್ಲಿ ಸಿಕ್ಕಿಕೊಂಡಿತ್ತು. ಅದು ರಷ್ಯಾದ ಹಳೆಯ ಜೀಪು. ಇಡೀ ಗೋಬಿ ಮರುಭೂಮಿಯಲ್ಲಿ ಜನ ಅದನ್ನು ಕರೆಯುವುದು ಬರೀ ‘ಅರವತ್ತೊಂಬತ್ತು’ ಎಂದು. ಸೋದರಮಾವನ ಕೊಟ್ಟಿಗೆಯ ಹಿಂದೆ ಚಕ್ರವಿಲ್ಲದೆ ಕೂತಿತ್ತು. ಒಳಗೆ ಮೇಕೆಮರಿಗಳು ಸಂಸಾರ ಹೂಡಿದ್ದವು, ಸೀಟಿನ ಹುಲ್ಲನ್ನೆಲ್ಲಾ ತಿಂದು ಮುಗಿಸಿದ್ದವು. ಅದನ್ನು ಮೊದಲ ಸಲ ಕಂಡಾಗ ಎನೆಬಿಶ್ ಬಾನೆಟ್ ಮೇಲೆ ಕೈಯಿಟ್ಟು, ಗಂಟಲು ದಪ್ಪ ಮಾಡಿ, “ಈ ಗಾಡಿ ಸತ್ತಿಲ್ಲ ಮಗಾ. ಇಂಟರ್ವಲ್ ತಗೊಂಡಿದೆ ಅಷ್ಟೇ,” ಎಂದಿದ್ದ. ತೆರ್ಬಿಶ್ ಆಗಲೇ ಅದರ ಕೆಳಗೆ ತೂರಿದ್ದ. ಅವತ್ತು ತೂರಿದವನು ಹೊರಗೆ ಬಂದದ್ದು ಊಟಕ್ಕೆ, ನಿದ್ದೆಗೆ ಮಾತ್ರ.

ಬೇಸಿಗೆಯ ನಡುವೆ ದಲನ್‌ಜದ್ಗದ್ ಊರಿನಿಂದ ಖೊಂಗೊರ್ ಮರಳುದಿಬ್ಬದವರೆಗೆ ಹಳೇ ಗಾಡಿಗಳ ಓಟ ನಡೆಯುತ್ತದೆ. ನಿಯಮ ಒಂದೇ: ಗಾಡಿ ತನ್ನ ಚಾಲಕನಿಗಿಂತ ವಯಸ್ಸಿನಲ್ಲಿ ಹಿರಿಯದಾಗಿರಬೇಕು. ಈ ಮೇಕೆಗೂಡು ದಿಬ್ಬ ಮುಟ್ಟಿದರೆ ತನ್ನ ಮೀಸೆ ಬೋಳಿಸುವೆನೆಂದು ಸಂತೆಯಲ್ಲಿ ಎಲ್ಲರೆದುರು ಸಾರಿದ್ದವನು ನೀಲಿ ಜೀಪಿನ ಗೊಂಬೊಜಾವ್. ಎನೆಬಿಶನಿಗೆ ಬೇಕಾಗಿದ್ದದ್ದು ಇಷ್ಟೇ: ತಾನು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ತಮ್ಮ, ಹಿಂದೆ ಧೂಳು. ದಿಬ್ಬದ ಬುಡದಲ್ಲಿ ಇಬ್ಬರೂ ಒಟ್ಟಿಗೆ ಬಾಗಿಲು ತೆಗೆದು ಸ್ಲೋ ಮೋಷನ್‌ನಲ್ಲಿ ಇಳಿಯಬೇಕು. ಯಾವ ಕಾಲು ಮೊದಲು ನೆಲಕ್ಕಿಡುವುದು ಎಂಬುದನ್ನೂ ಅಂಗಳದಲ್ಲಿ ತಾಲೀಮು ಮಾಡಿಸಿದ್ದ.

ಎಲ್ಲವೂ ಕೂತಿತ್ತು, ಆಯಿಲ್ ಕೂಲರ್ ಒಂದನ್ನು ಬಿಟ್ಟು. ಆ ಬಯಲಿನ ಬಿಸಿಲಿಗೆ ಎಂಜಿನ್ನಿನ ಎಣ್ಣೆ ಕುದಿದು ನೀರಾಗುತ್ತದೆ. ಮೂತಿಯಲ್ಲಿರುವ ಕೂಲರಿಗೆ ಹೋಗಿ ಗಾಳಿ ಕುಡಿದು ಬಂದರೇನೇ ಅದಕ್ಕೆ ಮತ್ತೆ ಮೈತುಂಬಿ ಬರುವುದು. ಹಳೇ ಕೂಲರನ್ನು ಯಾರೋ ಪುಣ್ಯಾತ್ಮರು ಕಿತ್ತು ಮಾಂಸ ಸುಡುವ ಜಾಲರಿ ಮಾಡಿಕೊಂಡಿದ್ದರು. ಗುಜರಿಯಲ್ಲಿ ಬಿದ್ದಿದ್ದ ಜಪಾನಿ ಲಾರಿಯದೊಂದು ಸಿಕ್ಕಿತು, ಅದರ ಕೊಳವೆಯೂ ಸಿಕ್ಕಿತು. ಎಣ್ಣೆ ವಾಪಸ್ ಬರುವ ತುದಿಯನ್ನು ಬೆಸೆದು ಮುಗಿಸಿದರು. ಹೋಗುವ ಕಡೆಯೇ ತಕರಾರು. ಎಂಜಿನ್ನಿನ ಪಕ್ಕದ ಎಣ್ಣೆ ನಲ್ಲಿ ರಷ್ಯಾದ್ದು, ಕೊಳವೆ ಜಪಾನಿನದು. ರಷ್ಯಾದ ತಿರುಪಿನ ಮರೆಗೆ ಅಂಗುಲಕ್ಕೆ ಹದಿನೆಂಟು ಸುತ್ತು; ಜಪಾನಿನದಕ್ಕೆ ಹತ್ತೊಂಬತ್ತು. ಕಣ್ಣಿಗೆ ಎರಡೂ ಒಂದೇ ತಾಯಿಯ ಮಕ್ಕಳು. ಕೈಗೂ ಮೂರು ಸುತ್ತಿನ ತನಕ ಗೊತ್ತಾಗುವುದಿಲ್ಲ. ನಾಲ್ಕನೆಯದಕ್ಕೆ ಆ ಒಂದು ಹೆಚ್ಚಿನ ಸುತ್ತು ತನ್ನ ಬಣ್ಣ ತೋರಿಸುತ್ತದೆ. ಒಂದು ತುದಿ ರಷ್ಯಾ, ಇನ್ನೊಂದು ತುದಿ ಜಪಾನು ಇರುವ ಒಂದು ತುಂಡು ಹಿತ್ತಾಳೆ: ಬೇಕಾಗಿದ್ದದ್ದು ಅಷ್ಟು.

ಸಂತೆಯಲ್ಲಿ ಹಡಗಿಗೆ ಸರಕು ತುಂಬುವ ಕಬ್ಬಿಣದ ಡಬ್ಬಿಯೊಂದನ್ನೇ ಅಂಗಡಿ ಮಾಡಿಕೊಂಡಿದ್ದ ಖಾಂದಾ ಅಕ್ಕನ ಹತ್ತಿರ ಹೋದರು. ಅವಳ ಸರಕಿಗೆಲ್ಲಾ ಒಂದೊಂದು ಹಸಿರು ಬೊಟ್ಟು. ಕದ್ದವನ ಗಾಡಿಯಲ್ಲಿ ಕಂಡರೆ ಕಿತ್ತುಕೊಂಡು ಬರಲಿಕ್ಕೆ ಅದು ಗುರುತು.

“ಏನ್ರೋ ಬೇಕು, ಹಾಳಾದೋರೇ?”

“ಎನೆಬಿಶ್ ಅಕ್ಕಾ.”

“ಇನ್ನೂ ಏನೂ ತೋರಿಸೇ ಇಲ್ಲ, ಆಗ್ಲೇ ಇದಲ್ಲ ಅಂತಾನೆ!”

“ಹೆಸರು ಹೇಳಿದೆ ಅಕ್ಕಾ, ನಮ್ಮಿಬ್ಬರಲ್ಲಿ ಯಾರು ಅಂತ ಗೊತ್ತಾಗ್ಲಿ ಅಂತ.”

“ಯಾರಾದ್ರೆ ನಂಗೇನು? ಇಬ್ಬರೂ ಒಂದೇ ಅಚ್ಚಿನ ಇಟ್ಟಿಗೆ.” ಅವಳು ತುಂಡೊಂದನ್ನು ಹುಡುಕಿ ತೆಗೆದಳು. “ಎರಡೂ ತುದಿ ಜಪಾನಿ. ಇದನ್ನೇ ಬಿಳಿ ಟೇಪು ಸುತ್ತಿ, ಕೆಂಪು ಅಂಟು ಮೆತ್ತಿ, ದೇವರ ಹೆಸರು ಹೇಳಿ ಬಿಗೀರಿ. ಅರ್ಧ ಊರು ಹಂಗೇ ಓಡ್ತಿದೆ.”

“ತಣ್ಣಗಿರೋವರೆಗೂ ನಿಲ್ಲುತ್ತೆ ಅಕ್ಕಾ. ಬಿಸಿ ಏರಿದ್ರೆ ಉಗುಳುತ್ತೆ. ನಮ್ಮ ಗಾಡಿಗೆ ಟೇಪು ಬೇಡ. ಮದುವೆ ಆದ್ರೆ ಜಾತಕ ಕೂಡ್ಲೇಬೇಕು.”

“ಡೈಲಾಗ್ ಹೊಡೀಬೇಡ, ತಗೊಂಡು ಹೋಗು. ನಾಳೆ ಇದಕ್ಕೇ ಅಳ್ತಾ ಬರ್ತೀಯ.”

ತೆರ್ಬಿಶ್ ಅದನ್ನು ಸುಮ್ಮನೆ ಉಪಕರಣದ ಡಬ್ಬಿಗೆ ಹಾಕಿಕೊಂಡ.

ಕೊನೆಗೆ ರಾಜಧಾನಿಯಲ್ಲಿ ಲೇಥ್ ಇಟ್ಟಿದ್ದ ಒಬ್ಬ ಮುದುಕ ಒಪ್ಪಿದ. ಅಳತೆಯೆಲ್ಲಾ ಫೋನಿನಲ್ಲೇ ಹೋಯಿತು. ಮಾಡುವುದು ಒಂದೇ ಒಂದು, ಮತ್ತೆ ಇಂಥ ಕಸುಬಿಗೆ ತನ್ನನ್ನು ಕರೆಯಬಾರದು ಎಂದು ಷರತ್ತು ಹಾಕಿ, ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ. ಬಸ್ ನಿಲ್ದಾಣಕ್ಕೆ ಹೋದವನು ತೆರ್ಬಿಶ್. ತಂದು ಕೂರಿಸಿದವನೂ ಅವನೇ. ಎನೆಬಿಶ್ ಆಗ ಬಾಗಿಲ ಮೇಲೆ ಹಾರುವ ಕುದುರೆಯ ಚಿತ್ರ ಬಿಡಿಸುತ್ತಿದ್ದ. ಕುದುರೆ ಒಂಟೆಯ ಹಾಗೆ ಬಂದಿತ್ತು, ಅದನ್ನು ಸರಿಮಾಡುವ ಗಡಿಬಿಡಿ.

“ಕೂತ್ಕೊಂತಾ?”

“ಕೂತ್ಕೊಂತು.”

“ಪೂರ್ತಿ?”

“ಪೂರ್ತಿ.”

ಎನೆಬಿಶ್ ಬಗ್ಗಿ ನೋಡಿದ. ನಲ್ಲಿಯ ಬಾಯಲ್ಲಿ ಕೆಂಪು ಅಂಟಿನ ನಡುವೆ ಹೊಸ ಹಿತ್ತಾಳೆ ಹೊಳೆಯುತ್ತಿತ್ತು. ಎಂಜಿನ್ ಶುರು ಮಾಡಿದರು, ಒಂದು ಹನಿಯೂ ಜಿನುಗಲಿಲ್ಲ. ಅವನು ತಮ್ಮನನ್ನು ತಬ್ಬಿ ಎತ್ತಿ ಅಂಗಳದಲ್ಲಿ ಒಂದು ಸುತ್ತು ತಿರುಗಿಸಿದ. ಆ ದಿನ ಎಣ್ಣೆ ಇನ್ನೂ ತಣ್ಣಗಿತ್ತು.

ಓಟದ ಹಿಂದಿನ ಸಂಜೆ ಮಾಂಸ ತುಂಬಿದ ಖೂಶೂರ್ ಕಡುಬು ಕರಿಯುತ್ತಿದ್ದ ಅಮ್ಮನ ಎದುರಿಗೇ ತೆರ್ಬಿಶ್ ಬಾಯಿಬಿಟ್ಟ.

“ನಾಳೆ ನಾನು ಗೊಂಬೋ ಅಣ್ಣನ ಗಾಡಿ ಓಡಿಸ್ತೀನಿ.”

“ಏನಂದೆ?”

“ಅವರ ಕೈಗೆ ಒಂಟೆ ಕಚ್ಚಿದೆ. ಜೋಲಿ ಕಟ್ಟಿದಾರೆ. ಓಡಿಸೋಕೆ ಯಾರೂ ಇಲ್ಲ.”

“ಒಂಟೆಗೂ ಬೇರೆ ದಿನ ಸಿಗ್ಲಿಲ್ವಾ?” ಎನೆಬಿಶ್ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. “ನನ್ನ ಪಕ್ಕದ ಸೀಟು?”

“ನಕ್ಷೆ ಹಿಡ್ಕೊಂಡು ಕೂರೋಕೆ ನಾನೇ ಬೇಕಾ? ದಾರಿ ನಿಂಗೆ ಗೊತ್ತಿದೆಯಲ್ಲ.”

ಅಮ್ಮ ಬಾಣಲೆಯಿಂದ ತಲೆ ಎತ್ತದೆ, “ಕೈಗೆ ಪೆಟ್ಟಾದೋರಿಗೆ ಆಗೋದು ಒಳ್ಳೇದೇ ಬಿಡು,” ಎಂದಳು. ಅಮ್ಮ ಹೇಳಿದ ಮೇಲೆ ಆಯಿತು. ಎನೆಬಿಶನಿಗೆ ಅದು ಹಿಡಿಸಲಿಲ್ಲ, ಆದರೆ ಅವನು ದೊಡ್ಡವನು, ಒಂದು ಲೋಟ ಚಹಾದಷ್ಟು. ಎದ್ದು ತಮ್ಮನ ಭುಜಕ್ಕೆ ಗುದ್ದಿ, “ಹೋಗು. ಆದ್ರೆ ನೆನಪಿಟ್ಕೋ, ನನ್ನ ಧೂಳು ತಿಂದ್ಕೊಂಡೇ ಬರ್ತೀಯ. ನಂಗೆ ತಮ್ಮ ಅಂತ ದಾಕ್ಷಿಣ್ಯ ಇಲ್ಲ,” ಎಂದ. ತೆರ್ಬಿಶ್ ಖೂಶೂರನ್ನು ಎರಡು ತುಂಡು ಮಾಡಿ, ಒಂದನ್ನೂ ತಿನ್ನದೆ ತಟ್ಟೆಯಲ್ಲೇ ಬಿಟ್ಟ.

ಬೆಳಿಗ್ಗೆ ದಾರಿ ಶುಭವಾಗಲೆಂದು ಅಮ್ಮ ಎರಡೂ ಗಾಡಿಗಳ ಹಿಂದೆ ಮರದ ಸೌಟಿನಿಂದ ಹಾಲು ಚಿಮುಕಿಸಿದಳು. ಎನೆಬಿಶ್ ಹಾರ್ನ್ ಬಾರಿಸಿಕೊಂಡು ಮುಂದೆ ಹೋದ. ಗೊಂಬೊಜಾವ್ ದಾರಿಯಲ್ಲಿ ಕಂಡ ಗುಡಾರಕ್ಕೆಲ್ಲಾ ನುಗ್ಗಿ ಹುದುಗಿದ ಕುದುರೆಹಾಲು ಕುಡಿಯುವ ಗಿರಾಕಿ. ನೀಲಿ ಜೀಪು ಬೇಗನೆ ಹಿಂದೆ ಬಿತ್ತು.

ಬೆಟ್ಟದ ಕಣಿವೆ ದಾಟುವವರೆಗೂ ಅರವತ್ತೊಂಬತ್ತು ಮದುವಣಗಿತ್ತಿಯ ಹಾಗೆ ಓಡಿತು. ಎನೆಬಿಶ್ ಒಬ್ಬನೇ ಇದ್ದರೂ ಬಾಯಿ ಸುಮ್ಮನಿರಲಿಲ್ಲ. “ನೋಡೋ ಅಲ್ಲಿ, ಆ ಒಂಟೆ ಮುಖ ಗೊಂಬೋ ಅಣ್ಣನ ಹಾಗೇ ಇದೆ,” ಎಂದು ಪಕ್ಕಕ್ಕೆ ತಿರುಗಿದ. ಖಾಲಿ ಸೀಟು. ತಪ್ಪು ತನ್ನದೇ ಎನ್ನುವ ಹಾಗೆ ಮತ್ತೆ ಮುಂದೆ ನೋಡಿದ.

ಬಯನ್‌ದಲೈ ಊರು ಕಳೆದ ಮೇಲೆ ಬಯಲು ಬಿಚ್ಚಿಕೊಂಡಿತು. ಸೂರ್ಯ ನೆತ್ತಿಗೆ ಬಂದಿದ್ದ. ದೂರದ ನೆಲ ಬಾಣಲೆಯಲ್ಲಿ ಕಾದ ಎಣ್ಣೆಯ ಹಾಗೆ ಅಲುಗುತ್ತಿತ್ತು. ಎನೆಬಿಶ್ ಕಣ್ಣಂಚಿನಲ್ಲಿ ಎಣ್ಣೆ ಒತ್ತಡದ ಮುಳ್ಳನ್ನು ನೋಡಿದ. ಮುಳ್ಳು ಸರಿಯಾದ ಜಾಗದಲ್ಲಿತ್ತು. ಮತ್ತೆ ನೋಡಿದ. ಸ್ವಲ್ಪ ಬಾಗಿತ್ತು. ಬೆರಳಿನಿಂದ ಗಾಜಿಗೆ ಕುಟ್ಟಿದ. ಮುಳ್ಳು ಎದ್ದೇಳಲಿಲ್ಲ, ನಿದ್ದೆ ಬಂದವನ ಕತ್ತಿನ ಹಾಗೆ ವಾಲಿ ವಾಲಿ ಕೆಳಗೆ ಬಿತ್ತು. ಕೆಂಪು ದೀಪ ಹತ್ತಿತು.

ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಜಿಗಿದು ಬಾನೆಟ್ ಎತ್ತಿದ. ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆಲ್ಲಾ ಕಪ್ಪು ಹೋಳಿ. ನಲ್ಲಿಯ ಬಾಯಿಂದ ತುಂಡು ಅರ್ಧ ಹೊರಬಂದು, ಮುರಿದ ಹಲ್ಲಿನ ಹಾಗೆ ಓರೆಯಾಗಿ ನೇತಾಡುತ್ತಿತ್ತು. ಅವನು ಮೊದಲು ನಲ್ಲಿಯನ್ನು ಮುಚ್ಚಿದ. ಆಮೇಲೆ ಬಟ್ಟೆ ಸುತ್ತಿದ ಕೈಯಿಂದ ತುಂಡನ್ನು ಹಿಡಿದು ಎಳೆದ. ತಿರುಗಿಸುವ ಅಗತ್ಯವೂ ಬೀಳಲಿಲ್ಲ. ಅದರ ಜೊತೆ ಬಿಳಿ ಟೇಪು ಎಳೆ ಎಳೆಯಾಗಿ, ಬೆಂದ ಶಾವಿಗೆಯ ಹಾಗೆ ಹೊರಬಂತು.

“ಲೋ ಮುದುಕಾ!” ಎಂದು ಬಯಲಿಗೆಲ್ಲಾ ಕೇಳುವಂತೆ ಕೂಗಿದ. “ಲೇಥ್ ಹಿಡಿದ ಕೈಗೆ ಹುಳ ಬೀಳ! ರಷ್ಯಾದ ಹಲ್ಲು ಕೇಳಿದ್ರೆ ಏನೋ ಕಳಿಸಿದೀಯ?”

ಬೈಯುತ್ತಲೇ ಅಂಟು ಒರೆಸಿದ. ಒಂದು ತುದಿ ಜಪಾನಿ. ತಿರುಗಿಸಿ ನೋಡಿದ, ಇನ್ನೊಂದು ತುದಿಯೂ ಜಪಾನಿ. ಅಂಟಿನಡಿಯಲ್ಲಿ, ಸೊಂಟದ ಹತ್ತಿರ, ಒಂದು ಹಸಿರು ಬೊಟ್ಟು.

ಖಾಂದಾ ಅಕ್ಕನ ಬೊಟ್ಟು.

ರಾಜಧಾನಿಯಿಂದ ಬಂದದ್ದು ಇದಲ್ಲವಾದರೆ, ಅದು ಎಲ್ಲಿ? ಬಿದ್ದು ಹೋಯಿತೋ? ಬಸ್ಸಿನವನು ಕಳೆದನೋ? ಅವನು ತಮ್ಮನ ಪರವಾಗಿ ಒಂದರ ಹಿಂದೊಂದು ಕಾರಣ ಹುಡುಕುತ್ತಾ, ಜೀಪಿನ ನೆರಳಿನಲ್ಲಿ ಕೂತ. ನೆರಳು ತಟ್ಟೆಯಷ್ಟಿತ್ತು. ಇನ್ನೊಂದು ಓಟದ ಗಾಡಿ ಬಂದು ನಿಂತಿತು. ಏನೂ ಬೇಡ, ಹಿಂದೆ ತಮ್ಮ ಬರುತ್ತಿದ್ದಾನೆ ಎಂದು ಹೇಳಿ ಕಳಿಸಿದ. ಆ ಮಾತು ಹೇಳುವಾಗಲೂ ಅವನಿಗೆ ಧೈರ್ಯವೇ ಇತ್ತು.

ನೀಲಿ ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕೆಟ್ಟು ನಿಂತ ಗಾಡಿಯನ್ನು ದಾಟಿ ಹೋಗುವವನು ಗೋಬಿಯಲ್ಲಿ ಇನ್ನೂ ಹುಟ್ಟಿಲ್ಲ. ಗೊಂಬೊಜಾವ್ ಜೋಲಿಯ ಕೈಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಇಳಿದ. ಕುದುರೆಹಾಲು ಅವನ ಕೆನ್ನೆಗೆ ಕೆಂಪು ಬಳಿದಿತ್ತು.

“ಏನಪ್ಪಾ ಹೀರೋ, ಮೇಕೆಗೂಡು ಮಲಗ್ತಾ? ನಮ್ಮದು ನೋಡು! ಮುಟ್ಟಿ ನೋಡು ಬೇಕಾದ್ರೆ, ನಾಯಿ ಮೂಗಿನಷ್ಟು ತಣ್ಣಗಿದೆ. ಎಲ್ಲಾ ನಿಮ್ಮ ತುಂಡಿನ ಪುಣ್ಯ.”

“ಯಾವ ತುಂಡು ಅಣ್ಣಾ?”

“ಅದೇ, ರಾಜಧಾನೀದು. ನನ್ನ ಕೂಲರೂ ಅಂಥದೇ ಗುಜರಿ ಲಾರೀದಲ್ವಾ, ಅದೇ ತಕರಾರು. ಎರಡು ಬಂದಿತ್ತಂತೆ. ಒಂದು ನಿಮ್ಮ ಗಾಡಿಗೆ ಹಾಕಿ, ಒಂದು ನಂಗೆ ತಂದುಕೊಟ್ಟ ನಿನ್ನ ತಮ್ಮ. ಬಂಗಾರದ ಹುಡುಗ! ಇಂಥೋನಿಗೆ ಸ್ಟೇರಿಂಗ್ ಕೊಡದೆ ಇನ್ಯಾರಿಗೆ ಕೊಡ್ಲಿ?”

ಎನೆಬಿಶ್ ತಮ್ಮನನ್ನು ನೋಡಿದ. ತೆರ್ಬಿಶ್ ಇನ್ನೂ ಸ್ಟೇರಿಂಗಿನಲ್ಲೇ ಕೂತಿದ್ದ. ಎರಡೂ ಕೈ ಅದರ ಮೇಲಿದ್ದವು. ಎನೆಬಿಶ್ ಅಂಗೈ ಬಿಚ್ಚಿ ಹಸಿರು ಬೊಟ್ಟಿನ ತುಂಡನ್ನು ತೋರಿಸಿದ. ತೆರ್ಬಿಶ್ ನಿಧಾನವಾಗಿ ಇಳಿದು ಬಂದ.

“ಒಂದೇ ಬಂದಿದ್ದು,” ಎಂದ ಎನೆಬಿಶ್.

“ಕೇಳು ಇಲ್ಲಿ…”

“ಒಂದೇ ಬಂದಿದ್ದು ಅಲ್ವೇನೋ?”

ತೆರ್ಬಿಶನ ಕಣ್ಣು ಆಚೆ ಈಚೆ ಓಡಿ, ಒಂದು ಕಡೆ ನಿಂತಿತು. ತುಟಿಯ ಕೊನೆಯಲ್ಲಿ ಆ ಹಳೆಯ ಮಡಿಕೆ ಮೂಡಿತು. ಆ ಮಡಿಕೆ ಎನೆಬಿಶನಿಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಸೋದರಮಾವನ ಮುಂದೆ, ಸುಳ್ಳು ಹುಟ್ಟುವ ಮುಂಚೆ ಬರುವ ಮಡಿಕೆ ಅದು.

“ಪೊಟ್ಟಣದ ಮೇಲೆ ಬರೆದಿತ್ತು ಕಣೋ. ‘ಎನೆ ಬಿಶ್’, ಇದಲ್ಲ ಅಂತ. ಮಧ್ಯೆ ಜಾಗ ಬಿಟ್ಟು ಬರೆದಿದ್ದ ಮುದುಕ. ನಾನು ನಿನ್ನ ಹೆಸರು ಅಂದ್ಕೊಳ್ಳಲೇ ಇಲ್ಲ. ತಪ್ಪು ತುಂಡು ಕಳಿಸಿದಾನೆ ಅಂದ್ಕೊಂಡು, ಗೊಂಬೋ ಅಣ್ಣಂಗೆ ಹೊಂದುತ್ತೇನೋ ಅಂತ…”

ಗೊಂಬೊಜಾವನಿಗೆ ನಗು ತಡೆಯಲಾಗಲಿಲ್ಲ. “ಇದಲ್ಲ ಅಂತೆ! ಅಯ್ಯಯ್ಯಪ್ಪಾ, ನಿಮ್ಮಮ್ಮ ಇಟ್ಟ ಹೆಸರುಗಳೋ!” ಎಂದು ತೊಡೆ ತಟ್ಟಿಕೊಂಡ. ಆಮೇಲೆ ಎನೆಬಿಶನ ಮುಖ ನೋಡಿ, ಕೈಯನ್ನು ತೊಡೆಯ ಮೇಲೇ ಮರೆತ.

ಎನೆಬಿಶನಿಗೆ ತುಂಡು ಹೋದದ್ದು ಅಷ್ಟು ತಾಗಿರಲಿಲ್ಲ. ಎಂಜಿನ್ ಸುಟ್ಟಿದ್ದರೂ ಬಹುಶಃ ಇಷ್ಟು ತಾಗುತ್ತಿರಲಿಲ್ಲ. ಆ ಮಾತು ತಾಗಿತು. ಅದು ಅವನೇ ಬರೆದ ಮಾತು. ದೆವ್ವಕ್ಕೆ ಹೇಳುವ ಮಾತು, ಮೇಷ್ಟ್ರಿಗೆ ಹೇಳುವ ಮಾತು, ಹೊರಗಿನವರಿಗೆ ಹೇಳುವ ಮಾತು. ಅವರಿಬ್ಬರೂ ಬಾಗಿಲ ಒಳಗೆ ನಿಂತು, ಹೊರಗಿರುವ ಲೋಕಕ್ಕೆಲ್ಲಾ ಟೋಪಿ ಹಾಕುವ ಮಾತು. ಇವತ್ತು ತೆರ್ಬಿಶ್ ಬಾಗಿಲು ಹಾಕಿಕೊಂಡು ಒಳಗೆ ನಿಂತಿದ್ದ. ಹೊರಗೆ ನಿಂತವನು ತಾನು.

“ನನ್ನ ಡೈಲಾಗನ್ನ ನಂಗೇ ಹೇಳ್ತೀಯೇನೋ?” ಎಂದ. ಗಂಟಲು ದಪ್ಪ ಮಾಡಲು ಹೋದ, ಆದರೆ ದನಿ ಕೀರಲಾಗಿ ಬಂತು.

ತೆರ್ಬಿಶನ ತುಟಿಯ ಮಡಿಕೆ ಅಳಿಸಿಹೋಯಿತು.

“ಸರಿ,” ಎಂದ. “ಗೊತ್ತಿದ್ದೇ ಕೊಟ್ಟೆ. ಗಾಡಿ ಓಡಿಸ್ಬೇಕಿತ್ತು ನಂಗೆ. ಬರೀ ಕೈಯಲ್ಲಿ ಹೋಗಿ ಸ್ಟೇರಿಂಗ್ ಕೊಡಿ ಅಂದ್ರೆ ಯಾರು ಕೊಡ್ತಾರೆ?”

“ನನ್ನ ಕೇಳ್ಬೋದಿತ್ತಲ್ಲ!”

“ಕೇಳಿದ್ದೆ.”

“ಯಾವಾಗ?”

“ನೋಡು, ನೆನಪೂ ಇಲ್ಲ. ಚಳಿಗಾಲದಲ್ಲಿ, ಗೇರ್ ಪೆಟ್ಟಿಗೆ ಇಳಿಸಿದ ದಿನ. ದಿಬ್ಬದ ತನಕ ನೀನು, ವಾಪಸ್ ಬರ್ತಾ ನಾನು ಅಂದೆ. ‘ಸಿನಿಮಾಕ್ಕೆ ಒಬ್ನೇ ಹೀರೋ ಕಣೋ’ ಅಂದೆ ನೀನು. ಅಂದ್ಬಿಟ್ಟು ನನ್ನ ಕೈಗೆ ಸ್ಪ್ಯಾನರ್ ಕೊಟ್ಟೆ. ನಾನು ಮತ್ತೆ ಕೆಳಗೆ ಹೋದೆ.”

ಎನೆಬಿಶ್ ನೆನಪು ಮಾಡಿಕೊಳ್ಳಲು ನೋಡಿದ. ಹೇಳಿರಬಹುದು. ಅವನು ದಿನಕ್ಕೆ ಅಂಥ ಮಾತು ಎಷ್ಟೋ ಹೇಳುತ್ತಿದ್ದ. ಯಾವುದೂ ಯಾರಿಗೂ ತಾಗುವುದಿಲ್ಲ ಎಂದುಕೊಂಡಿದ್ದ.

“ಅದು ತಮಾಷೆ.”

“ನಿಂಗೆ.”

“ಹಂಗಂತ ಎಂಜಿನ್ ಸುಡೋಕೆ ಬಿಡ್ತೀಯಾ? ಒಂದ್ ಗುದ್ದು ಗುದ್ದಬೋದಿತ್ತು. ಅಮ್ಮಂಗೆ ಹೇಳ್ಬೋದಿತ್ತು. ನೀನು… ಕೂತ್ಕೊಂತಾ ಅಂತ ಕೇಳ್ದೆ. ಪೂರ್ತಿ ಅಂದೆ. ನಾನು ನಿನ್ನ ಎತ್ತಿ ತಿರುಗಿಸ್ದೆ. ತಿರುಗಿಸಿದಾಗ ನಗ್ತಿದ್ದೆಯಲ್ಲೋ ನೀನು!”

“ಹಿಡಿಯುತ್ತೆ ಅಂದ್ಕೊಂಡಿದ್ದೆ. ಟೇಪು ದಪ್ಪ ಸುತ್ತಿದ್ದೆ.” ತೆರ್ಬಿಶ್ ನೆಲ ನೋಡಿದ. “ದಾರೀಲಿ ನಿಂತಿರ್ತೀಯೇನೋ ಅಂತ ಬೆಳಗಿಂದ ನೋಡ್ಕೊಂಡೇ ಬಂದೆ.”

ಗೊಂಬೊಜಾವ್ ತನ್ನ ಬಾನೆಟ್ಟಿನ ಕಡೆ ನಡೆದ. “ಕಿತ್ತು ಕೊಡ್ತೀನಿ. ನಂಗೆ ಗೊತ್ತಿರಲಿಲ್ಲ ಮಗಾ, ನಮ್ಮ ಬೆಟ್ಟದಾಣೆ. ಗೊತ್ತಿದ್ರೆ ಮುಟ್ತಿರಲಿಲ್ಲ.”

“ಬೇಡ ಅಣ್ಣಾ. ನಿಮ್ಮ ಗಾಡಿ ಯಾಕೆ ನಿಲ್ಬೇಕು? ಅದು ಅಲ್ಲಿ ಕೂತಿದೆ, ಕೂತಿರ್ಲಿ. ಎಣ್ಣೆ ಇದ್ರೆ ಒಂದ್ ಡಬ್ಬಿ ಕೊಡಿ, ಸಾಕು.”

ನಲ್ಲಿ ಮುಚ್ಚಿದರೆ ಎಣ್ಣೆ ಕೂಲರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಬೇಗ ಕಾಯುತ್ತದೆ. ಆಗಾಗ ನಿಂತು, ಗಾಳಿ ಬರುವ ಕಡೆ ಮೂತಿ ತಿರುಗಿಸಿ, ಆರಿಸಿಕೊಂಡು ಹೋಗಬೇಕು. ಓಟ ಅಲ್ಲಿಗೆ ಮುಗಿಯಿತು. ದಿಬ್ಬ ಮುಟ್ಟುವುದು ಮುಗಿದಿರಲಿಲ್ಲ. ಎನೆಬಿಶನಿಗೆ ಇನ್ನು ಉಳಿದದ್ದು ಅದೊಂದೇ.

ತೆರ್ಬಿಶ್ ಎಣ್ಣೆ ಡಬ್ಬಿ ತಂದ. ಯಾರೂ ಕರೆಯದಿದ್ದರೂ ಕೆಲಸಕ್ಕೆ ನಿಂತ. ಎನೆಬಿಶ್ ಕೈ ಚಾಚಿದರೆ ಕೊಳವೆಯ ಬೆಣೆ ಬಂತು, ಮತ್ತೆ ಚಾಚಿದರೆ ತಂತಿ ಬಂತು. ಯಾವುದು ಬೇಕೆಂದು ಕೇಳುವ ಅಗತ್ಯ ಆ ಕೈಗಳಿಗೆ ಇನ್ನೂ ಬಂದಿರಲಿಲ್ಲ. ಎನೆಬಿಶನಿಗೆ ಅದರ ಮೇಲೇ ಸಿಟ್ಟು ಬಂತು. ತಪ್ಪು ಸಾಮಾನು ಕೊಡಲಿ ಎಂದು ಕಾದ. ಕೊಡಲಿಲ್ಲ.

ಎಣ್ಣೆ ಸುರಿಯಲು ಮುಂದೆ ಬಂದಾಗ ತೆರ್ಬಿಶನ ಬೂಟು ಎನೆಬಿಶನ ಕಾಲನ್ನು ತುಳಿಯಿತು.

ಇಬ್ಬರೂ ನಿಂತರು. ಕಾಲು ತುಳಿದರೆ ಆ ಕ್ಷಣವೇ ಕೈ ಕುಲುಕಬೇಕು. ಬಸ್ಸಿನ ನೂಕಾಟದಲ್ಲಿ ಗುರುತಿಲ್ಲದವನ ಕಾಲು ತುಳಿದರೂ ಸರಿಯೇ. ಕುಲುಕದಿದ್ದರೆ ಹಗೆ ನೆಲೆಯಾಗುತ್ತದೆ ಎಂದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ತೆರ್ಬಿಶನ ಬಲಗೈ ತಾನಾಗಿ ಮುಂದೆ ಬಂತು, ಎಣ್ಣೆ ಮೆತ್ತಿಕೊಂಡು. ಎನೆಬಿಶನ ಕೈಯೂ ಏಳತೊಡಗಿತು. ಅದು ಮನಸ್ಸನ್ನು ಕೇಳಿ ಏಳುವ ಕೈಯಲ್ಲ, ಅಭ್ಯಾಸದ ಕೈ. ಅರ್ಧ ದಾರಿಯಲ್ಲಿ ಅವನಿಗೆ ಅದು ಕಂಡಿತು. ಆ ಕೈಯಿಂದ ಬಾನೆಟ್ ಹಿಡಿದು ಧಡ್ ಎಂದು ಮುಚ್ಚಿದ.

ಗೊಂಬೊಜಾವ್ ಮುಖವನ್ನು ಬೆಟ್ಟದ ಕಡೆ ತಿರುಗಿಸಿದ.

“ಎನೇ,” ಎಂದ ತೆರ್ಬಿಶ್. ಕೈ ಇನ್ನೂ ಚಾಚಿಕೊಂಡೇ ಇತ್ತು. “ಪಕ್ಕದಲ್ಲಿ ಕೂತ್ಕೋತೀನಿ. ನಕ್ಷೆ ಹಿಡ್ಕೋತೀನಿ. ಗೊಂಬೋ ಅಣ್ಣ ಒಂದು ಕೈಯಲ್ಲಿ ಹೆಂಗೋ ನಿಧಾನಕ್ಕೆ ಬರ್ತಾರೆ.”

“ನಿಂಗೆ ಓಡಿಸೋಕೆ ಗಾಡಿ ಇದೆ. ಓಡಿಸು.”

ಏನಾದರೂ ದೊಡ್ಡ ಮಾತು ಹೇಳಿ ಬಾಗಿಲು ಹಾಕಿಕೊಳ್ಳಬೇಕೆಂದು ಎನೆಬಿಶನಿಗೆ ಅನ್ನಿಸಿತು. ಹುಡುಕಿದ. ಒಂದೂ ಸಿಗಲಿಲ್ಲ. ಬಾಗಿಲು ಹಾಕಿಕೊಂಡು ಹೊರಟ.

ನಿಧಾನವಾಗಿ ಹೋದ. ಮುಳ್ಳು ಎದ್ದಿತ್ತು, ಆದರೆ ಬಿಸಿ ಏರುತ್ತಿತ್ತು. ಸ್ವಲ್ಪ ದೂರ ಹೋಗಿ ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿದ. ಕನ್ನಡಿಯಲ್ಲಿ ನೀಲಿ ಚುಕ್ಕೆಯೊಂದು ಕಂಡಿತು. ಅದೂ ನಿಂತಿತು. ಹೊರಟ, ಅದೂ ಹೊರಟಿತು. ಮತ್ತೆ ನಿಂತ, ಅದೂ ನಿಂತಿತು. ಅವನು ಇಳಿದು ಬಂದು ದಾರಿಯ ನಡುವೆ ನಿಂತು, ಮುಂದೆ ಹೋಗಿ, ಹಾಳಾಗಿ ಹೋಗಿ ಎಂದು ಎರಡೂ ಕೈ ಬೀಸಿದ. ನೀಲಿ ಜೀಪು ಅಲುಗಲಿಲ್ಲ. ಗೆಲ್ಲುವಂಥ ಗಾಡಿ, ನಾಯಿ ಮೂಗಿನಷ್ಟು ತಣ್ಣಗಿರುವ ಗಾಡಿ, ಅಲ್ಲೇ ಬಿಸಿಲಿನಲ್ಲಿ ನಿಂತು ಕಾಯುತ್ತಿತ್ತು. ಬಿಟ್ಟು ಹೋಗಿದ್ದರೆ ಪೂರ್ತಿ ದ್ವೇಷ ಮಾಡಬಹುದಿತ್ತು. ಆ ಸುಖವನ್ನೂ ತಮ್ಮ ಕೊಡಲಿಲ್ಲ.

ಎನೆಬಿಶ್ ಮತ್ತೆ ಹತ್ತಿ ಕೂತ. ನೀಲಿ ಕಾಣದಿರಲೆಂದು ಒಳಗಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿದ. ಅದರಲ್ಲಿ ತೆರ್ಬಿಶ್ ಕಂಡ: ಎಣ್ಣೆ ಮೆತ್ತಿದ ಕೆನ್ನೆ, ಕೆಂಪಾದ ಕಣ್ಣು, ಅದೇ ಮೂಗು. ಆಚೆ ತಿರುಗಿಸಿದರೆ ಅವನು, ಈಚೆ ತಿರುಗಿಸಿದರೂ ಅವನೇ. ಎನೆಬಿಶ್ ಕನ್ನಡಿಯನ್ನು ಬುಡಸಮೇತ ಕಿತ್ತು, ಪಕ್ಕದ ಖಾಲಿ ಸೀಟಿನ ಮೇಲೆ ಬೋರಲು ಹಾಕಿ, ಗೇರ್ ಬದಲಿಸಿದ.